ನಿಂತ ಹೊಳೆಯ ಪುರಾಣ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಮದುವೆಯ ದಿನವೇ ನನಗೆ ಹೇಳಿಕೊಟ್ಟಿದ್ದರು. ಬರೆಯಬಾರದೆಂದು ಯಾರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತೇನೆ: ಮಾಣಿಕಪ್ಪ. ಜಹೀರಾಬಾದಿನಿಂದ ಹೈದರಾಬಾದಿಗೆ, ನಾರಾಯಣಖೇಡಕ್ಕೆ, ಒಮ್ಮೊಮ್ಮೆ ತಾಂಡೂರಿಗೆ ಹೋಗುವ ಸರಕಾರಿ ಬಸ್ಸುಗಳಲ್ಲಿ ಕಂಡಕ್ಟರ್. ಚಿಲ್ಲರೆ ಇಲ್ಲವೆಂದು ಯಾರನ್ನೂ ಬೈದವರಲ್ಲ. ಆದರೆ ಟಿಕೆಟ್ ಇಲ್ಲದೆ ಯಾರನ್ನೂ ಕೂಡಿಸಿಕೊಂಡವರೂ ಅಲ್ಲ. ಸ್ವಂತ ಷಡ್ಡಕನನ್ನೇ ಝರಾಸಂಗದ ಕ್ರಾಸಿನಲ್ಲಿ ಬಿಸಿಲಿಗೆ ಇಳಿಸಿ ಬಂದ ಮಹಾನುಭಾವರು ಇವರು. ಆ ಷಡ್ಡಕನ ಹೆಂಡತಿ ನನ್ನ ಒಡಹುಟ್ಟಿದ ತಂಗಿ. ಮುಂದಿನ ದೀಪಾವಳಿಯ ತನಕ ಅವಳು ನನ್ನ ಜೊತೆ ಮಾತಾಡಲಿಲ್ಲ.

ಇಂಥ ಶಿಸ್ತಿನ ಮನುಷ್ಯನಿಗೆ ಒಂದು ಹುಚ್ಚಿತ್ತು, ಜಾದೂ ಕಾದಂಬರಿಗಳದ್ದು. ಹೈದರಾಬಾದ್ ಡ್ಯೂಟಿ ಭಾನುವಾರ ಬಿದ್ದರೆ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವ ಮುದುಕನ ಹತ್ತಿರ ಹೋಗಿ, ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವೊಂದನ್ನು ಹೊತ್ತು ತರುತ್ತಿದ್ದರು. ಪಕ್ಕದಲ್ಲಿ ಡಿಕ್ಷನರಿ, ಹಾಳೆಗಳ ನಡುವೆ ಗುರುತಿಗೆ ಹರಿದ ಟಿಕೆಟ್ಟು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮದುವೆಯೂ ಆಯಿತು, ಹುಚ್ಚೂ ಹಾಗೇ ಉಳಿಯಿತು.

ನಾನು ನ್ಯಾಲ್ಕಲ್ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ಬೆಳೆದ ಗಂಡಸು ಮಂತ್ರವಾದಿಗಳ ಕತೆ ಓದುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ.

"ಇದೆಲ್ಲಾ ಸಣ್ಣ ಹುಡುಗುರು ಓದೂದಲ್ರೀ?"

"ಮಂತ್ರ ಹಾಕಿದ, ಮಾವಿನಕಾಯಿ ಬಿತ್ತು, ಅಂಥಾ ಕತಿ ನನಗೂ ಬ್ಯಾಡ" ಎಂದರು ಇವರು. "ಇವುದರಾಗ ಜಾದೂಕ್ಕ ಕಾಯ್ದೆ ಅದ. ಏನ ಮಾಡಿದ್ರೂ ಅದರ ಬೆಲಿ ಕೊಡಬೇಕು. ಟಿಕೆಟ್ ಇಲ್ದ ಯಾವಾಂವಾನೂ ಕೂಡಂಗಿಲ್ಲ."

ಆಮೇಲೆ ಒಂದೊಂದೇ ಪುಸ್ತಕದ ಕಾಯ್ದೆ ಹೇಳತೊಡಗಿದರು. ಒಂದರಲ್ಲಿ ಶಕ್ತಿಯನ್ನೆಲ್ಲ ಉಪ್ಪಿನ ಹರಳಿನಲ್ಲಿ ಕಟ್ಟಿಡುತ್ತಾರಂತೆ, ಮಳೆ ಬಂದರೆ ಕರಗಿಹೋಗುತ್ತದಂತೆ. ಇನ್ನೊಂದರಲ್ಲಿ ಬೆಳಗಿನಿಂದ ಸುಳ್ಳು ಹೇಳದವನಿಗೆ ಮಾತ್ರ ಸಂಜೆ ಬೆಂಕಿ ಕರೆಯಲು ಬರುತ್ತದಂತೆ. ನಮ್ಮ ಓಣಿಯಲ್ಲಿ ಹಾಗಿದ್ದರೆ ಒಂದು ಒಲೆಯೂ ಹೊತ್ತುತ್ತಿರಲಿಲ್ಲ ಎಂದೆ. ಇವರು ನಕ್ಕರು, ನನಗೂ ನಗು ಬಂತು. ಆದರೂ ನಾನು ಪುಸ್ತಕ ಮುಟ್ಟಲಿಲ್ಲ.

ತೆಲಂಗಾಣ ರಾಜ್ಯಕ್ಕಾಗಿ ಊರೂರೇ ಎದ್ದು ನಿಂತ ಆ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಮಾವ ತೀರಿಕೊಂಡರು. ಮೊಗುಡಂಪಲ್ಲಿಯಲ್ಲಿ ಹೊಲ ಮಾಡಿಕೊಂಡಿದ್ದ ಗಟ್ಟಿ ಜೀವ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅತ್ತೆ ಗುಂಡಮ್ಮನವರನ್ನು ನಾವು ಜಹೀರಾಬಾದಿಗೆ ಕರೆತಂದೆವು. ಅವರು ಬೋರಾಡಿ ಅಳುವವರಲ್ಲ. ಕಸ ಹೊಡೆಯುತ್ತಿದ್ದರು, ತೊಗರಿಬೇಳೆ ಹಸನು ಮಾಡುತ್ತಿದ್ದರು, ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು, ಎಲ್ಲ ಕೆಲಸದ ನಡುವೆಯೂ ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದರು. ಮಾತು ಹೂಂ, ಉಹೂಂಗೆ ಬಂದು ನಿಂತಿತ್ತು. ಹೀಗೇ ಆದರೆ ಇವರೂ ಮಾವನ ಹಿಂದೆಯೇ ಹೋಗುತ್ತಾರೆಂದು ನನಗೆ ಭಯವಾಗುತ್ತಿತ್ತು.

ಶ್ರಾವಣ ಬಂತು. ನಮ್ಮ ಕಡೆ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಅರ್ಥ ಹೇಳುತ್ತಾರೆ, ತಿಂಗಳ ಕೊನೆಗೆ ಕಾಯಿ ಒಡೆದು ಸಕ್ಕರೆ ಹಂಚಿ ಮಂಗಳ ಮಾಡುತ್ತಾರೆ. ಪ್ರತಿ ವರ್ಷ ಮಾವನ ಜೊತೆ ಹೋಗುತ್ತಿದ್ದ ಅತ್ತೆ ಆ ವರ್ಷ ಹೊಸ್ತಿಲು ದಾಟಲಿಲ್ಲ. ಪಕ್ಕದ ಮನೆಯ ಜನಾಬಾಯಿ ಬಂದು ಕರೆದರೂ ತಲೆ ಅಲ್ಲಾಡಿಸಿದರು.

ಅಂದೇ ಸಂಜೆ ಇವರು ಪಡಸಾಲೆಯಲ್ಲಿ ಕೂತು ಹೊಸ ಪುಸ್ತಕ ಹಿಡಿದಿದ್ದರು. ಕಷ್ಟದ ಸಾಲು ಬಂದರೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿ, ಆಮೇಲೆ ತಮಗೆ ತಾವೇ ಕನ್ನಡದಲ್ಲಿ ಹೇಳಿಕೊಳ್ಳುವುದು ಇವರ ರೂಢಿ. ಒಂದು ಸಾಲು ಓದುವುದು, ಒಂದು ಸಾಲು ಅರ್ಥ ಹೇಳುವುದು. ಒಳಗಿದ್ದ ಅತ್ತೆಗೆ ಅದು ಹೇಗೆ ಕೇಳಿಸಿತೋ.

"ಯಾವ ಪುರಾಣ ಹಚ್ಚಿದ್ಯೋ ಮಾಣಿಕಾ?" ಎಂದು ಅಲ್ಲಿಂದಲೇ ಕೇಳಿದರು.

ತಿಂಗಳುಗಟ್ಟಲೆ ಮಾತಾಡದಿದ್ದ ತಾಯಿ ತಾವಾಗಿ ಬಾಯಿಬಿಟ್ಟಿದ್ದರು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ.

"ಹೂಂ... ಹೊಳಿ ಪುರಾಣ ಅವ್ವಾ" ಎಂದರು.

ಅತ್ತೆ ಎದ್ದು ಬಂದರು. ಕೈಕಾಲು ತೊಳೆದಿದ್ದರು. ಮಡಿಸಿದ ಧೋತರ ಹಾಸಿ ಪುಸ್ತಕವನ್ನು ಅದರ ಮೇಲೆ ಇಟ್ಟರು, ದೀಪ ಹಚ್ಚಿದರು, ಮುಖಪುಟದಲ್ಲಿ ಕತ್ತಿ ಹಿಡಿದು ನಿಂತಿದ್ದ ಬಿಳಿಯ ಹುಡುಗಿಯ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಅವರ ಮನೆತನದಲ್ಲಿ ಪುರಾಣ ಕೇಳುವವರು ಮಂಗಳವಾಗುವ ತನಕ ಪ್ರೀತಿಯ ವಸ್ತುವೊಂದನ್ನು ಬಿಡುವ ನೇಮವಿದೆ. "ನಾ ಚಾ ಬಿಟ್ಟೀನಿ" ಎಂದು ಗೋಡೆಗೆ ಒರಗಿ ಕೂತರು. ಮಾವ ಸತ್ತ ದಿನವೂ ಚಹಾ ಬಿಡದಿದ್ದವರು!

ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ಮೂರು ಪುಸ್ತಕಗಳ ಆ ಕತೆ ಹೀಗಿತ್ತು. ಅಲ್ಲಿಯ ಜಾದೂವಿಗೆ ಒಂದೇ ಕಾಯ್ದೆ: ನಡೆಯುತ್ತಿರುವ ಒಂದನ್ನು ನಿಲ್ಲಿಸಿದರೆ ಮಾತ್ರ ನಿಂತಿರುವ ಇನ್ನೊಂದು ನಡೆಯುತ್ತದೆ. ತಿರುಗುವ ರಾಟಿ ನಿಲ್ಲಿಸಿದರೆ ಕೆಸರಲ್ಲಿ ಹೂತ ಬಂಡಿ ಮುಂದೆ ಹೋಗುತ್ತದೆ. ನಿಲ್ಲಿಸುವುದು ಮಾತ್ರ ನಿನ್ನದೇ ಆಗಿರಬೇಕು, ಇನ್ನೊಬ್ಬರದನ್ನು ನಿಲ್ಲಿಸಿದರೆ ಅದು ಕಳವು. ಅಲ್ಲಿಯ ರಾಜ ಅಂಥ ಕಳ್ಳ. ಊರ ಹೊಳೆಯನ್ನೇ ನಿಲ್ಲಿಸಿ ತನ್ನ ಕಲ್ಲಿನ ಆನೆಗಳನ್ನು ನಡೆಸಿಕೊಂಡು ದಂಡೆತ್ತಿ ಹೋದ. ಹೊಳೆ ಬತ್ತಿದ ಮೇಲೆ ನೀರು ಹುಡುಕಲು ಹೋದ ನೇಕಾರ ಹೆಂಗಸೊಬ್ಬಳು ಸತ್ತಳು. ಅವಳ ಮಗಳು ಆ ಹೊಳೆಯನ್ನು ಮತ್ತೆ ಹರಿಸಲು ಹೊರಟವಳು. ಪುಸ್ತಕದಲ್ಲಿದ್ದ ಅವಳ ಹೆಸರು ಯಾರ ಬಾಯಿಗೂ ಹತ್ತದಂಥದ್ದು. ಅತ್ತೆ ಅವಳಿಗೆ ನೀಲವ್ವ ಎಂದು ಹೆಸರಿಟ್ಟರು.

ಇವರು ಡ್ಯೂಟಿ ಮುಗಿಸಿ ಬಂದು ಖಾಕಿ ಬಿಚ್ಚುವುದರೊಳಗೆ ದೀಪ ಹಚ್ಚಿರುತ್ತಿತ್ತು. ಜನಾಬಾಯಿಯೂ ಬಂದು ಕೂರುತ್ತಿದ್ದರು. ಅತ್ತೆ "ಮುಂದ?" ಎನ್ನುತ್ತಿದ್ದರು. ಆ "ಮುಂದ?" ಕೇಳುವುದಕ್ಕೇ ನಾನು ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಹೊರಗೆ ಬರುತ್ತಿದ್ದೆ. ಕತೆಗಾಗಿ ಅಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನೀಲವ್ವ ರಾಜನ ಕಾವಲುಗಾರರಿಂದ ತಪ್ಪಿಸಿಕೊಂಡ ಸಂಜೆ ತವೆಯ ಮೇಲಿನ ರೊಟ್ಟಿ ಹೊತ್ತಿಹೋದದ್ದು ಬೇರೆ ಮಾತು.

ಅತ್ತೆ ಪ್ರತಿ ಸಂಜೆ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಇವತ್ತೂ ಅತ್ತಳೇನು?"

ತಾಯಿ ಸತ್ತಾಗಿನಿಂದ ಆ ಹುಡುಗಿ ಕೆಲಸ ಮಾಡುತ್ತ, ದಾರಿ ನಡೆಯುತ್ತ ಅಳುತ್ತಲೇ ಇದ್ದಳು. ಇವರು ಅದನ್ನು ಹಾರಿಸಿ ಜಾದೂವಿಗೆ ಹೋಗಲು ನೋಡುತ್ತಿದ್ದರು. ಅತ್ತೆ ಬಿಡುತ್ತಿರಲಿಲ್ಲ. "ಹೂಂ ಅವ್ವಾ, ಅತ್ತಳು" ಎಂದ ಮೇಲೆಯೇ ಕತೆ ಮುಂದೆ ಹೋಗುತ್ತಿತ್ತು. ಇದೇನು ಹಟ ಎಂದು ನನಗೆ ಸಿಟ್ಟು ಬರುತ್ತಿತ್ತು.

ಇದು ದೇವರ ಪುರಾಣವಲ್ಲವೆಂದು ಅವರಿಗೆ ನಾಲ್ಕು ದಿನದಲ್ಲೇ ಗೊತ್ತಾಗಿತ್ತು. ಜನಾಬಾಯಿ ಮೆಲ್ಲಗೆ ಹೇಳಿಯೂ ನೋಡಿದರು. "ಯಾವುದರೆ ಇರಲಿ. ದೀಪ ಹಚ್ಚಿ ಕುಂತೀನಿ, ಮಂಗಳ ಆಗೂತನಾ ಬಿಡಂಗಿಲ್ಲ. ಅರ್ಧ ಬಿಟ್ರ ಮನಿಗಿ ಚಲೋದಲ್ಲ" ಎಂದುಬಿಟ್ಟರು.

ಶ್ರಾವಣ ಮುಗಿಯಿತು, ಎರಡನೆಯ ಪುಸ್ತಕವೂ ಮುಗಿಯಿತು. ಅಷ್ಟರಲ್ಲಿ ನೀಲವ್ವ ತನ್ನ ರಾಟಿ ನಿಲ್ಲಿಸಿದ್ದಳು, ಮಗ್ಗ ನಿಲ್ಲಿಸಿದ್ದಳು, ಬಲಗೈ ಆಡುವುದನ್ನೂ ನಿಲ್ಲಿಸಿದ್ದಳು. ಬತ್ತಿದ ಹೊಳೆಯ ನಡುವೆ ಬಂದು ನಿಂತಾಗ ನಿಲ್ಲಿಸಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಅಲ್ಲಿಗೆ ಪುಸ್ತಕ ಮುಗಿದಿತ್ತು. ಮೂರನೆಯದನ್ನು ಕೋಠಿಯ ಮುದುಕ ತರಿಸಿಡುತ್ತೇನೆಂದು ಹೇಳಿದ್ದ.

ಆಗಲೇ ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಶುರುವಾಯಿತು. ನಮ್ಮ ಶಾಲೆಗೆ ಬೀಗ ಬಿತ್ತು, ಕಚೇರಿಗಳು ಮುಚ್ಚಿದವು, ಒಂದು ವಾರದೊಳಗೆ ಬಸ್ಸುಗಳೂ ನಿಂತವು. ಬಸ್ ನಿಲ್ದಾಣದ ಮುಂದೆ ಶಾಮಿಯಾನ ಎದ್ದಿತು, ಮುಷ್ಕರದವರು ರಸ್ತೆಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿದರು. ಇವರು ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಶಾಮಿಯಾನಕ್ಕೆ ಹೋಗಿ ಕೂರುತ್ತಿದ್ದರು. ನಮ್ಮ ಮನೆ ಮಾತು ಕನ್ನಡ, ಬಸ್ಸಿನ ಮಾತು ತೆಲುಗು, ಬಜಾರಿನ ಮಾತು ದಖನಿ ಉರ್ದು. ಆದರೂ ಇವರಿಗೆ ತಮ್ಮ ರಾಜ್ಯ ಯಾವುದೆಂಬ ಬಗ್ಗೆ ಅನುಮಾನವಿರಲಿಲ್ಲ.

"ಅವ್ವಾ, ಊರಾಗ ಎಲ್ಲಾ ನಿಂತಾವ" ಎಂದರು ಒಂದು ಸಂಜೆ.

"ಯಾರು ನಿಂದ್ರಿಸ್ಯಾರ?"

"ನಾವ ನಿಂದ್ರಸೀವಿ. ಪಗಾರ ಸೈತ ಬಿಟ್ಟೀವಿ."

ಅತ್ತೆ "ತಮ್ಮದು ತಾವ ನಿಂದ್ರಿಸಿದ್ರ ಬರಾಬರಿ ಅದ. ಏನರೆ ನಡೀತದ ನೋಡು ಮುಂದ" ಎಂದರು. ರಾಜಕೀಯದ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಆದರೆ ಪುಸ್ತಕ ಬರಲಿಲ್ಲ. ಮೊದಲ ಕೆಲವು ದಿನ ಅತ್ತೆ ಹಳೆಯ ಪುಸ್ತಕದ ಮುಂದೆಯೇ ದೀಪ ಹಚ್ಚಿ ಕೂತರು. ಆಮೇಲೆ ಮಾತು ಕಡಿಮೆಯಾಯಿತು. ಪುರಾಣ ನಡುವೆ ನಿಂತದ್ದು ತಮ್ಮ ನೇಮ ಸಾಲದ್ದಕ್ಕೇ ಎಂದು ಸಂಜೆಯ ರೊಟ್ಟಿಯನ್ನೂ ಬಿಟ್ಟರು. ಕುಪ್ಪಸದ ತೋಳು ಜೋಲಾಗತೊಡಗಿತು. ಕಣ್ಣೀರು ಮತ್ತೆ ಮೊದಲಿನಂತೆ ಇಳಿಯತೊಡಗಿತು. ನಡುವೆ ನಿಂತಿತ್ತೆಂದೇನೂ ಅಲ್ಲ, "ಮುಂದ?" ಎನ್ನುವ ಮಾತಿನ ಗದ್ದಲದಲ್ಲಿ ನಮಗೆ ಅಷ್ಟಾಗಿ ಕಂಡಿರಲಿಲ್ಲ.

"ಜೀಪಿನಾಗ ಹೋಗಿ ತರ್ರಿ" ಎಂದೆ. ಬಸ್ಸಿಲ್ಲದ ದಿನಗಳಲ್ಲಿ ಜೀಪಿನವರು ಜನರನ್ನು ತೊಗರಿ ಮೂಟೆಗಳಂತೆ ತುಂಬಿಕೊಂಡು ಓಡಾಡುತ್ತಿದ್ದರು.

"ಬಸ್ಸ ನಿಂದ್ರಿಸಿದಾಂವ ನಾನ ಜೀಪ ಹತ್ತಲೇನು? ಶಾಮಿಯಾನದಾಗ ಕುಂತವರಿಗಿ ಯಾವ ಮಾರಿ ತೋರಿಸ್ಲಿ?"

"ನಿಮ್ಮವ್ವ ಉಪಾಸ ಬಿದ್ದಾಳ್ರಿ! ಆಕಿಗಿ ಯಾವ ಮಾರಿ ತೋರಿಸ್ತೀರಿ?"

ಇವರು ಬೀದರಿನ ಅಂಗಡಿಗಳಿಗೆ ಫೋನ್ ಮಾಡಿ ಕೇಳಿದರು, ಅಂಥ ಪುಸ್ತಕದ ಹೆಸರೇ ಅವರು ಕೇಳಿರಲಿಲ್ಲ. ಮರುದಿನ ಶಾಮಿಯಾನದಿಂದ ಬರುವಾಗ ಇವರ ಮುಖದಲ್ಲಿ ಕಳೆ ಬಂದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯವೊಂದನ್ನು ಹೊಸೆದುಕೊಂಡು ಬಂದಿದ್ದರು. ಉಪ್ಪಿನ ಜಾದೂವಿನ ಹಳೆಯ ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿ, "ಅವ್ವಾ, ಮೂರನೇದು ಬಂತು" ಎಂದರು. ಅತ್ತೆ ಗಡಬಡಿಸಿ ಎದ್ದು ಕೈಕಾಲು ತೊಳೆದರು. ಜನಾಬಾಯಿ ತಾವೇ ಕಾಯಿ ತಂದರು.

ಇವರು ಪುಟ ತಿರುಗಿಸುತ್ತ ಓದುವಂತೆ ನಟಿಸಿದರು. ನೀಲವ್ವ ಹೊಳೆಯ ನಡುವೆ ನಿಂತಿದ್ದಳು. ಬೆಟ್ಟದಿಂದ ಒಬ್ಬ ಸಾಧು ಇಳಿದು ಬಂದ. ಅವಳ ಕಷ್ಟ ನೋಡಿ ಮನಸ್ಸು ಕರಗಿ ಆಶೀರ್ವಾದ ಮಾಡಿದ. ಮೋಡ ಕೂಡಿತು, ಮಿಂಚು ಹೊಡೆಯಿತು.

"ತಡಿ" ಎಂದರು ಅತ್ತೆ. "ಹುಡುಗಿ ಏನ ನಿಂದ್ರಿಸಿದಳು?"

"ಏನೂ ಇಲ್ಲವ್ವಾ. ಸಾಧುನ ಕೃಪಾ ಆತಲ್ಲ, ಹೊಳಿ ತಾನ..."

"ಸಾಧು ಏನ ನಿಂದ್ರಿಸಿದ?"

ಇವರು ಇನ್ನೊಂದು ಪುಟ ತಿರುಗಿಸಿದರು.

"ಮಾಣಿಕಾ, ನಿನ್ನ ಬಸ್ಸಿನಾಗ ಟಿಕೆಟ್ ಇಲ್ದ ಯಾರರೆ ಕುಂತ್ರ ಏನ ಮಾಡ್ತಿ?"

"ಇಳಸ್ತೀನವ್ವಾ."

"ಹಂಗಾರ ಆ ಸಾಧುನ ಇಳಸು."

ಜನಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಮಾತ್ರ ನಗು ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನ ಹಾಗೆ ಇವರು ಪುಸ್ತಕದ ಹೊದಿಕೆ ಬಿಗಿಯಾಗಿ ಹಿಡಿದಿದ್ದರು. ಕೊನೆಗೆ ಅದನ್ನು ಬಿಚ್ಚಿ ಕೆಳಗಿಟ್ಟರು. "ಝೂಟ್ ಹೇಳಿದೆನವ್ವಾ. ಪುಸ್ತಕ ಬಂದಿಲ್ಲ. ನೀ ಉಣವಲ್ಲಿ, ನನಗ ನೋಡಾಕ ಆಗವಲ್ದು" ಎಂದರು. ಅತ್ತೆ ಎದ್ದು ದೀಪಕ್ಕೆ ಎಣ್ಣೆ ಹಾಕಿ ಒಳಗೆ ಹೋದರು. ಅಂದೂ ಅವರು ರೊಟ್ಟಿ ಮುಟ್ಟಲಿಲ್ಲ, ನಾವೂ ಮುಟ್ಟಲಿಲ್ಲ.

ಮರುದಿನ ಇಡೀ ಹಗಲು ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಸಂಜೆ ದೀಪ ಹಚ್ಚಿ, ಎರಡನೆಯ ಪುಸ್ತಕವನ್ನೇ ಧೋತರದ ಮೇಲಿಟ್ಟು, ತಾವು ಅದರ ಹಿಂದೆ ಕೂತರು. ಅದು ಓದುವವರು ಕೂರುವ ಜಾಗ. ಆ ಧೋತರ ಮಾವನದು ಎಂಬುದನ್ನು ನಾನು ಅಂದೇ ಗಮನಿಸಿದೆ.

"ಇವತ್ತ ನೀವು ಕೇಳ್ರಿ" ಎಂದರು. "ನೀಲವ್ವನ ಕಡಿ ಏನೂ ಉಳದಿಲ್ಲ ಅಂತ ಬರದಾರ. ಸುಳ್ಳದು. ಆಕಿ ಅಳೂದು ಮೊದಲನೇ ದಿನದಿಂದ ನಡದೇ ಅದಲ್ಲ. ದಿನಾ ನಾ ಕೇಳೀನಿ, ದಿನಾ ನೀ ಹೂಂ ಅಂದೀದಿ. ಅದೂ ನಡಿಯೂದೇ. ಅದೂ ಆಕೀದೇ."

ಇವರು ತಲೆಯೆತ್ತಿ ತಾಯಿಯನ್ನು ನೋಡಿದರು.

"ರಾಟಿ ನಿಂದ್ರಿಸೂದು ಹಗೂರ. ಕೈ ನಿಂದ್ರಿಸೂದೂ ಹಗೂರ. ಇದು ಹಂಗಲ್ಲ. ಅಳೂದು ಬಿಟ್ರ ಅವ್ವನ್ನ ಮರತಂಗ ಆಗ್ತದ ಅಂತ ಆಕಿಗಿ ಅಂಜಿಕಿ. ಮಂದಿ ಏನಂತಾರ ಅಂತ ಅಲ್ಲ. ಸತ್ತಾಕಿ ಏನಂತಾಳ ಅಂತ." ಅತ್ತೆಯ ಬೆರಳು ಧೋತರದ ಅಂಚನ್ನು ಸವರುತ್ತಿತ್ತು. "ಹೊಳಿಯಾಗ ಕುಂತು ಆಕಿ ಅವ್ವಗ ಹೇಳಿದಳು, ಯವ್ವಾ, ನಾ ಮರಿಯಂಗಿಲ್ಲ, ಖರೇ ಅಳೂದು ಬಿಡತೀನಿ, ಊರಿಗಿ ನೀರ ಬೇಕು, ಅಂತ. ಕಣ್ಣ ಒರಸ್ಕೊಂಡಳು. ನಿಂತಿತು. ಹೊಳಿ ಹರೀತು."

ಹೇಳುತ್ತ ಹೇಳುತ್ತ ಅವರೇ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ಒರೆಸಿಕೊಂಡದ್ದು. ನಾನು ಅಳಬಾರದೆಂದುಕೊಂಡರೂ ಅತ್ತುಬಿಟ್ಟೆ. ಜನಾಬಾಯಿಯೂ ಅತ್ತರು. ಇವರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದರು.

"ಮಂಗಳ ಆತು. ಕಾಯಿ ಒಡಿಯೋ ಮಾಣಿಕಾ" ಎಂದರು ಅತ್ತೆ. ಆಮೇಲೆ ನನ್ನ ಕಡೆ ನೋಡಿ, "ಶಿವಕಾಂತಾ, ಚಾ ಇಡು. ಸಕ್ರಿ ಜರಾ ಜಾಸ್ತಿ ಹಾಕು" ಎಂದರು. ಆ ಚಹಾಕ್ಕೆ ಹಾಲು ಎಷ್ಟು ಹಾಕಿದೆನೋ, ಸಕ್ಕರೆ ಎಷ್ಟು ಸುರಿದೆನೋ ನನಗೆ ಗೊತ್ತಿಲ್ಲ.

ದಸರೆಯ ಬನ್ನಿ ಹಂಚಿಯಾದ ಮೇಲೆ ಬಸ್ಸುಗಳು ಶುರುವಾದವು. ಮೊದಲ ಹೈದರಾಬಾದ್ ಡ್ಯೂಟಿಯಲ್ಲೇ ಇವರು ಮೂರನೆಯ ಪುಸ್ತಕ ತಂದರು. ಊಟ, ಸ್ನಾನ ಮರೆತು ಓದಿ ಮುಗಿಸಿ, ಮುಖ ಸಣ್ಣಗೆ ಮಾಡಿಕೊಂಡು ಪಡಸಾಲೆಯಲ್ಲಿ ಕೂತರು.

"ಏನ ನಿಂದ್ರಿಸಿದಳ್ರಿ?" ಎಂದೆ. ನನಗೂ ತಡೆಯಲಾಗಿರಲಿಲ್ಲ.

"ಏನೂ ಇಲ್ಲ. ದೊಡ್ಡ ಲಡಾಯಿ ಆಗ್ತದ. ರಾಜನ್ನ ಕೊಲ್ತಾರ. ಹೊಳಿ ತಾನ ಹರೀತದ."

"ಟಿಕೆಟ್ ಇಲ್ದನಾ?"

"ಟಿಕೆಟ್ ಇಲ್ದನಾ!" ಎಂದರು. ಷಡ್ಡಕನನ್ನು ಇಳಿಸಿದ ದಿನವೂ ಇವರಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಚಹಾದ ಬಟ್ಟಲು ಹಿಡಿದು ನಿಂತಿದ್ದರು. ಮಂಗಳವಾದ ಪುರಾಣವನ್ನು ಮತ್ತೆ ತೆರೆಯಬಾರದೆಂದು ಅವರೇ ಹೇಳಿದ್ದರಿಂದ ನಾವಿಬ್ಬರೂ ಗಪ್ಪಾದೆವು. ಅವರಿಗೆ ಎಲ್ಲವೂ ಕೇಳಿಸಿತ್ತು.

"ಮಾಣಿಕಾ, ಆ ಪುಸ್ತಕ ಬರದಾಂವನ ಮನ್ಯಾಗ ಎಲ್ಲಾರೂ ಚಲೋ ಅದಾರೇನು?"

"ನನಗೇನ ಗೊತ್ತವ್ವಾ? ಎಲ್ಲಿಯಾಂವೋ ಏನೋ."

"ಇರಬೇಕು. ಅದಕ್ಕ ಪಾಪ ಅಂವಗ ಗೊತ್ತಾಗಿಲ್ಲ" ಎಂದರು ಅತ್ತೆ. ಬಟ್ಟಲಿನ ತಳದಲ್ಲಿದ್ದ ಕೊನೆಯ ಗುಟುಕು ಕುಡಿದರು. "ಚಲೋ ಇರಲಿ ಎಲ್ಲಾರೂ. ಗೊತ್ತಾಗೂದೇ ಬ್ಯಾಡ."

ಅಷ್ಟು ಹೇಳಿ ಬಟ್ಟಲು ತೊಳೆಯಲು ಒಳಗೆ ಹೋದರು.